ಹಳೇ ಫೋನು, ಟಿವಿ, ಬ್ಯಾಟರಿ ಮನೆಯಿಂದ ಸಾಗಿಸುವ ಮುಂಚೆ

ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಟಿವಿ, ಮಿಕ್ಸಿ, ಯುಪಿಎಸ್, ಈಗ ಜಾಸ್ತಿ ಮೊಬೈಲು. ರಿಪೇರಿ ಆಗಲ್ಲ ಅಂದ ತಕ್ಷಣ ಬರುವ ಪ್ರಶ್ನೆ ಒಂದೇ: "ಹಾಗಾದ್ರೆ ಗುಜರಿಗೆ ಹಾಕ್ಲಾ?"

ಬೇಡ. ಗುಜರಿಯವರ ಮೇಲೆ ನನಗೇನೂ ಸಿಟ್ಟಿಲ್ಲ. ಪೇಪರ್, ಬಾಟಲಿ, ಕಬ್ಬಿಣಕ್ಕೆ ಅವರೇ ಸರಿ. ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಮಾತ್ರ ದುಡ್ಡು ಇರುವುದು ತಾಮ್ರದಲ್ಲಿ. ಅಲ್ಲಿಂದ ಕೈ ಬದಲಾಗುತ್ತಾ ಹೋದ ವೈರನ್ನು ಸುಲಿಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಬೆಂಕಿ ಹಚ್ಚುತ್ತಾರೆ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಸರ್ಕ್ಯೂಟ್ ಬೋರ್ಡಿನಲ್ಲಿರುವ ಚೂರುಪಾರು ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದುವವರೂ ಇದ್ದಾರೆ, ಮಿಕ್ಕ ಆಸಿಡ್ ಮೋರಿ ಸೇರುತ್ತದೆ.

ಮೊದಲು ಫೋನು. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಆಂಡ್ರಾಯ್ಡ್ ಆದರೆ ಗೂಗಲ್ ಅಕೌಂಟ್ ತೆಗೆದು ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಐಫೋನ್ ಆದರೆ ಕಳೆದುಹೋದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಿ, ಸೈನ್ ಔಟ್ ಆಗಿ, ಆಮೇಲೆ ಅಳಿಸಿ. ಡಿಸ್‌ಪ್ಲೇ ಸತ್ತಿದ್ದರೆ ಇನ್ನೊಂದು ಫೋನಿನಿಂದ ನಿಮ್ಮ ಅಕೌಂಟ್ ತೆರೆದು, ಹಳೇ ಫೋನನ್ನು ಅಲ್ಲಿಂದ ಹೊರಹಾಕಿ. ಕಂಪ್ಯೂಟರ್ ವಿಷಯ ಬೇರೆ. ಫೈಲ್ ಡಿಲೀಟ್ ಮಾಡುವುದೆಂದರೆ ಮನೆಯೊಳಗೆ ಸಾಮಾನು ಬಿಟ್ಟು, ಬಾಗಿಲಿಗೆ 'ಖಾಲಿ ಇದೆ' ಬೋರ್ಡ್ ತಗುಲಿಸಿದ ಹಾಗೆ. ಹಾರ್ಡ್ ಡಿಸ್ಕ್ ಕೆಟ್ಟಿದ್ದರೆ ಬಿಚ್ಚಿಸಿ, ಒಳಗಿನ ತಟ್ಟೆಗೆ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ತೂತು ಹಾಕಿಸಿಬಿಡಿ.

ನನಗೆ ನಿಜವಾಗಿ ಭಯ ಇರುವುದು ಉಬ್ಬಿದ ಬ್ಯಾಟರಿಯದ್ದು. ಡ್ರಾಯರ್‌ನಲ್ಲಿ ಬಿದ್ದಿರುವ ಫೋನನ್ನು ಟೇಬಲ್ ಮೇಲೆ ಅಂಗಾತ ಇಟ್ಟು ಬೆರಳಲ್ಲಿ ತಳ್ಳಿ ನೋಡಿ. ಬುಗುರಿ ಥರ ತಿರುಗಿದರೆ, ಡಿಸ್‌ಪ್ಲೇ ಅಂಚಲ್ಲಿ ಸಂದಿ ಕಂಡರೆ, ಒಳಗೆ ಗ್ಯಾಸ್ ತುಂಬಿದೆ ಅಂತಲೇ ಲೆಕ್ಕ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಪಿನ್ ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಬೇಡವೇ ಬೇಡ. ಲಿಥಿಯಂ ಬೆಂಕಿ ಸುಲಭಕ್ಕೆ ಆರುವುದಿಲ್ಲ. ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿಟ್ಟು, ಬಿಸಿಲು ಬೀಳದ ಹೊರಗಿನ ಜಾಗದಲ್ಲಿಡಿ. ಕೊಡುವಾಗ ಉಬ್ಬಿದೆ ಅಂತ ಮೊದಲೇ ಹೇಳಿ. ಉಬ್ಬದ ಬ್ಯಾಟರಿಗಾದರೆ ತುದಿಗಳಿಗೆ ಸೆಲೋಟೇಪ್ ಸುತ್ತಿದರೆ ಸಾಕು.

ಹಳೇ ಡಬ್ಬಾ ಟಿವಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬ್ ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಅದರ ಹಿಂಬದಿ ಗಾಜಿನಲ್ಲಿ ಸೀಸ ಇರುತ್ತದೆ. ಕುತ್ತಿಗೆ ಹತ್ತಿರದ ತಾಮ್ರದ ಕಾಯಿಲ್ ಕಿತ್ತುಕೊಂಡು, ಗಾಜನ್ನು ಖಾಲಿ ಸೈಟಿಗೆ ಎಸೆದಿರುವುದನ್ನು ನೀವೂ ನೋಡಿರುತ್ತೀರಿ.

ಇನ್ವರ್ಟರ್ ಬ್ಯಾಟರಿ ಸುಲಭ. ಹೊಸದು ಕೊಳ್ಳುವಾಗ ಅಂಗಡಿಯವರೇ ಹಳೇದಕ್ಕೆ ಬೆಲೆ ಕಟ್ಟುತ್ತಾರೆ. ತೂಕ ಕಡಿಮೆ ಮಾಡೋಣ ಅಂತ ಆಸಿಡ್ ಚೆಲ್ಲಬೇಡಿ ಅಷ್ಟೆ. ಫ್ರಿಜ್ ಇದ್ದರೆ ಪೈಪ್ ಕತ್ತರಿಸಲು ಯಾರಿಗೂ ಬಿಡಬೇಡಿ, ಈಗಿನ ಎಷ್ಟೋ ಫ್ರಿಜ್‌ಗಳ ಗ್ಯಾಸ್ ಬೆಂಕಿ ಹೊತ್ತಿಕೊಳ್ಳುವಂಥದ್ದು.

ಎಲ್ಲಿ ಕೊಡುವುದು? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ, ರೀಸೈಕಲ್ ಮಾಡಿಸುವ ಹೊಣೆ ತಯಾರಕರದ್ದು. ಹಾಗಾಗಿ ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಹಳೇದನ್ನು ವಾಪಸ್ ತಗೊಳ್ಳುವ ವ್ಯವಸ್ಥೆ ಕೇಳಿ. ಅದಾಗದಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟಿರುವ ರೀಸೈಕಲ್‌ದಾರರನ್ನು ಹುಡುಕಿ. ನಮ್ಮ ಕಡೆ ದಾಬಸ್‌ಪೇಟೆಯ ಇ-ಪರಿಸರ ಅನ್ನೋ ಕಂಪನಿ 2005ರಿಂದ ಈ ಕೆಲಸ ಮಾಡುತ್ತಾ ಬಂದಿದೆ. ಒಂದು ಮಿಕ್ಸಿಗಾಗಿ ಗಾಡಿ ಬರುವುದು ಕಷ್ಟ, ಅಲ್ವಾ? ಅಪಾರ್ಟ್‌ಮೆಂಟ್‌ನವರು, ಬೀದಿಯವರು ಸೇರಿ ಒಟ್ಟು ಮಾಡಿ ಕರೆಸಿ. ಕೊಟ್ಟಿದ್ದಕ್ಕೆ ರಸೀದಿ ಬರೆಸಿಕೊಳ್ಳಿ.

ದುಡ್ಡಿನ ಮಾತಿಗೆ ಬಂದರೆ, ಆನ್ ಆಗುವ ಲ್ಯಾಪ್‌ಟಾಪಿಗೆ ಎಸ್‌.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚೌಕಾಸಿ ಮಾಡಿ, ತಪ್ಪಿಲ್ಲ. ಇನ್ನೊಬ್ಬರು ಬಳಸಿದರೆ ಅದಕ್ಕಿಂತ ಒಳ್ಳೇ ರೀಸೈಕಲ್ ಯಾವುದಿದೆ? ಸುಟ್ಟುಹೋದ ಮಿಕ್ಸಿ, ಒಡೆದ ರಿಮೋಟು, ಹಳೇ ಚಾರ್ಜರ್‌ಗಳಿಗೆ ಮಾತ್ರ ರೇಟು ಕೇಳುತ್ತಾ ಕೂರಬೇಡಿ, ಗಾಡಿ ಬಂದಾಗ ಹಾಕಿ ಕಳಿಸಿ.