ಥೈರಾಯ್ಡ್ ಇದ್ದವರ ತೂಕ: ಮೊದಲು ಮಾತ್ರೆ ಸರಿಯಾಗಲಿ, ಆಮೇಲೆ ತಟ್ಟೆ

ಥೈರಾಯ್ಡ್ ಕಡಿಮೆಯಿದೆ ಎಂದು ರಿಪೋರ್ಟ್ ಬಂದ ಮರುದಿನವೇ ಹಲವರು ಅನ್ನ ಬಿಡುತ್ತಾರೆ, ಎಲೆಕೋಸು ಬಿಡುತ್ತಾರೆ. ಮಾತ್ರೆಯನ್ನು ಮಾತ್ರ ಬೆಳಗಿನ ಕಾಫಿಯ ಜೊತೆ ನುಂಗುತ್ತಾರೆ. ಆರು ತಿಂಗಳಾದರೂ ತೂಕ ಕದಲುವುದಿಲ್ಲ.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ಗ್ರಂಥಿ ಮಂದವಾದ ಕಾರಣಕ್ಕೇ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಮಾತ್ರೆ ಸರಿಹೊಂದಿದರೆ ಇಷ್ಟು ಇಳಿಯಬಹುದು. 15 ಕೆ.ಜಿ. ಏರಿದ್ದರೆ ಉಳಿದದ್ದನ್ನು ಊಟ, ನಡಿಗೆಯಿಂದಲೇ ಕರಗಿಸಬೇಕು.

ಹಂತ 1: ಬೆಳಗಿನ ಮಾತ್ರೆ

ಎಡವುವುದು ಇಲ್ಲೇ. ಥೈರಾಯ್ಡ್ ಕಡಿಮೆಯಿದ್ದವರಿಗೆ ಕೊಡುವ ಮಾತ್ರೆ ಲೆವೊಥೈರಾಕ್ಸಿನ್ (ಥೈರಾಕ್ಸಿನ್ ಹಾರ್ಮೋನ್) ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ರಕ್ತಕ್ಕೆ ಸೇರುವುದು ಶೇ 60ರಿಂದ 80ರಷ್ಟು ಮಾತ್ರ. ಕಾಫಿ, ಹಾಲು, ತಿಂಡಿ ಜೊತೆಗೆ ಹೋದರೆ ಅದೂ ತಗ್ಗುತ್ತದೆ.

ಎದ್ದ ಕೂಡಲೇ, ಆರು ಗಂಟೆ ಎಂದುಕೊಳ್ಳಿ, ಒಂದು ಲೋಟ ಬರೀ ನೀರಿನಲ್ಲಿ ಮಾತ್ರೆ ನುಂಗಿ. ಜೀರಿಗೆ ನೀರು, ಜೇನು-ನಿಂಬೆ, ಮೆಂತ್ಯದ ನೀರು ಆಮೇಲೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು ಘಮ ಬರುತ್ತಿದ್ದರೂ ಏಳರವರೆಗೆ ಕಾಯಿರಿ. ಅರ್ಧ ಗಂಟೆ ಸಾಕು ಎನ್ನುವವರಿದ್ದಾರೆ; ಪೂರ್ತಿ ಒಂದು ಗಂಟೆಯೇ ಇರಲಿ. ಕಾಫಿ ಇಲ್ಲದೆ ಬೆಳಗಾಗದವರು ವೈದ್ಯರನ್ನು ಕೇಳಿ, ಮಾತ್ರೆಯನ್ನು ಮಲಗುವ ಹೊತ್ತಿಗೆ ಬದಲಿಸಿಕೊಳ್ಳಬಹುದು. ಆಗ ರಾತ್ರಿಯ ಊಟವಾಗಿ ಮೂರು ಗಂಟೆ ಕಳೆದಿರಬೇಕು.

ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ ಒಂದು ಗಂಟೆಯ ಅಂತರ ಸಾಲದು, ನಾಲ್ಕು ಗಂಟೆ ಬೇಕು. ಇವು ಕರುಳಿನಲ್ಲಿ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸಿಬಿಡುತ್ತವೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ, ಕಬ್ಬಿಣ ರಾತ್ರಿಗೆ ಇಟ್ಟುಕೊಂಡರೆ ಗೊಂದಲವಿಲ್ಲ. ಮಾತ್ರೆಯನ್ನೇ ರಾತ್ರಿ ತೆಗೆದುಕೊಳ್ಳುವವರು ಇವೆರಡನ್ನೂ ಹಗಲಿಗೆ ತನ್ನಿ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೂ ನಾಲ್ಕು ಗಂಟೆಯ ನಿಯಮವೇ. ಸೋಯಾ ಹಿಟ್ಟು, ಸೋಯಾ ಪ್ರೋಟೀನ್ ಪುಡಿಯನ್ನೂ ಮಾತ್ರೆಯಿಂದ ದೂರವಿಡಿ.

ಬಾಟಲಿಯನ್ನು ಒಲೆಯ ಪಕ್ಕದ ಕಪಾಟಿನಲ್ಲೋ ಕಿಟಕಿಯ ಬಿಸಿಲಿಗೋ ಇಡಬೇಡಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬೇಡಿ. ಕಂಪನಿಯನ್ನೂ ಪದೇ ಪದೇ ಬದಲಿಸಬೇಡಿ. ಬದಲಿಸಲೇಬೇಕಾದರೆ ಆರು ವಾರದ ನಂತರ ರಕ್ತಪರೀಕ್ಷೆ ಮಾಡಿಸಿ.

ಬೇಗ ಸಣ್ಣಗಾಗಲಿ ಎಂದು 50 ಮೈಕ್ರೊಗ್ರಾಂ ಇದ್ದದ್ದನ್ನು ತಾವೇ 100 ಮಾಡಿಕೊಳ್ಳುವುದು ಅಪಾಯ. ಎದೆಬಡಿತ ತಪ್ಪುತ್ತದೆ, ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ತೂಕ ಇಳಿಸಲು ಇದನ್ನು ಬಳಸಬಾರದು ಎಂಬ ಎಚ್ಚರಿಕೆ ಔಷಧದ ಮಾಹಿತಿಪತ್ರದಲ್ಲೇ ಇರುತ್ತದೆ.

ಹಂತ 2: ಪರೀಕ್ಷೆ

ಈ ಔಷಧದ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಏಳು ದಿನ. ಡೋಸ್ ಬದಲಾದ ಮೇಲೆ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ನೆಲೆಗೊಳ್ಳಲು ಆರು ವಾರ ಬೇಕು. ಎರಡೇ ವಾರಕ್ಕೆ ಟಿಎಸ್‌ಎಚ್ (ಗ್ರಂಥಿ ಮಂದವಾದಷ್ಟೂ ರಕ್ತದಲ್ಲಿ ಏರುವ ಹಾರ್ಮೋನ್) ನೋಡಿ ಗಾಬರಿಯಾದರೆ ದುಡ್ಡು ದಂಡ. ಆರರಿಂದ ಎಂಟು ವಾರಕ್ಕೆ, ಅದೇ ಲ್ಯಾಬಿನಲ್ಲಿ, ಬೆಳಗಿನ ಅದೇ ಹೊತ್ತಿಗೆ, ಅಂದಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ.

ಕೂದಲು ಉದುರುತ್ತದೆಂದು ಬಯೊಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಹಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡೋಸ್ ಹೆಚ್ಚಾಗಿದೆ ಎಂದು ವೈದ್ಯರು ಇಳಿಸಿಬಿಟ್ಟರೆ ತೂಕ ಮತ್ತೆ ಏರುತ್ತದೆ. ಗರ್ಭ ನಿಂತಿದ್ದು ತಿಳಿದರೆ ಆರು ವಾರ ಕಾಯಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ತೂಕ ಇಳಿಸುವ ಯೋಚನೆಯೂ ಆಗ ಬೇಡ.

ಹಂತ 3: ತಟ್ಟೆ

ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ತಿಂಗಳಿಗೆ ಒಂದೂವರೆ ಕೆ.ಜಿ. ಇಳಿದರೆ ಒಳ್ಳೆಯ ಫಲ. ಕೈ ಹಾಕಬೇಕಾದದ್ದು ಎಣ್ಣೆಗೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂದು ತಿಂಗಳ ಮೊದಲ ದಿನವೇ ಅಳೆದು ಬೇರೆ ಇಡಿ. ಎರಡು ಚಮಚ ಸಕ್ಕರೆಯ ಮೂರು ಕಾಫಿಯಲ್ಲಿ ಸಕ್ಕರೆಯದ್ದೇ 120 ಕ್ಯಾಲೊರಿ ಇರುತ್ತದೆ.

ಅನ್ನ, ಮುದ್ದೆ ಬಿಡಬೇಕಿಲ್ಲ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಗೆ ಸುಮಾರು 320 ಕ್ಯಾಲೊರಿ; ಎರಡು ಉಣ್ಣುವಲ್ಲಿ ಒಂದು ಉಣ್ಣಿ, ಜಾಗ ತುಂಬಲು ಮೊಳಕೆ ಹುರುಳಿಯ ಸಾರು, ಬಸ್ಸಾರಿನ ಸೊಪ್ಪು-ಕಾಳು, ಮೊಟ್ಟೆ, ಮೊಸರು ಇರಲಿ. ಬೇಯಿಸಿದ ಎಲೆಕೋಸು, ಹೂಕೋಸು ಧಾರಾಳವಾಗಿ ತಿನ್ನಿ. ಬೆಂದಾಗ ಗ್ರಂಥಿಗೆ ಅಡ್ಡಿ ಮಾಡುವ ಅಂಶ ಬಹಳ ಕಡಿಮೆಯಾಗುತ್ತದೆ. ಎಚ್ಚರ ಬೇಕಾದದ್ದು ಸಜ್ಜೆಯ ವಿಷಯದಲ್ಲಿ: ಚಳಿಗಾಲದಲ್ಲಿ ಜೋಳದ ರೊಟ್ಟಿಯ ನಡುವೆ ಸಜ್ಜೆ ರೊಟ್ಟಿ ತಿಂದರೆ ತೊಂದರೆಯಿಲ್ಲ, ವರ್ಷವಿಡೀ ಅದನ್ನೇ ಮುಖ್ಯ ಆಹಾರ ಮಾಡಿಕೊಳ್ಳಬೇಡಿ.

ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ. ಸೈಂಧವ ಲವಣದಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಹಾಗೆಂದು ಆನ್‌ಲೈನಿನಲ್ಲಿ ಸಿಗುವ ಸಮುದ್ರಪಾಚಿಯ ಮಾತ್ರೆ, 'ಥೈರಾಯ್ಡ್ ಕಿಟ್' ತರಿಸಬೇಡಿ. ಅತಿ ಅಯೋಡಿನ್ ಸೋತ ಗ್ರಂಥಿಯನ್ನು ಇನ್ನಷ್ಟು ಸೋಲಿಸುತ್ತದೆ.

ಹಂತ 4: ಮೈ

ವಾರಕ್ಕೆ ಐದು ದಿನ 40 ನಿಮಿಷ ಬಿರುಸು ನಡಿಗೆ. ಎರಡು ದಿನ ಭಾರ ಎತ್ತುವ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ 12 ಸಲ ಎದ್ದು ಕೂರುವುದು, ಹೀಗೆ ಮೂರು ಸುತ್ತು ಆರಂಭಕ್ಕೆ ಸಾಕು. ಡೋಸ್ ಸರಿಹೊಂದುವ ಮೊದಲೇ ಜಿಮ್ಮಿಗೆ ಧುಮುಕಿದರೆ ಸ್ನಾಯು ಹಿಡಿದು, ಸುಸ್ತಾಗಿ, ಹತ್ತೇ ದಿನಕ್ಕೆ ಬಿಡುತ್ತೀರಿ.

ತೂಕ ನೋಡುವುದು ವಾರಕ್ಕೊಮ್ಮೆ, ಸೊಂಟದ ಅಳತೆಯ ಜೊತೆ. ನಾಲ್ಕು ವಾರ ಕದಲದಿದ್ದರೆ ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ, ಚಟ್ನಿಯ ತೆಂಗಿನಕಾಯಿಯನ್ನೂ ಸೇರಿಸಿ. ಹತ್ತು ಕೆ.ಜಿ. ಇಳಿದರೆ ಟಿಎಸ್‌ಎಚ್ ಮತ್ತೆ ಮಾಡಿಸಿ. ಗ್ರಂಥಿ ಪೂರ್ತಿ ನಿಂತವರಿಗೆ ಕೆ.ಜಿ.ಗೆ ಸುಮಾರು 1.6 ಮೈಕ್ರೊಗ್ರಾಂನಂತೆ ಡೋಸ್ ಲೆಕ್ಕ ಹಾಕುವುದರಿಂದ, ತೂಕ ಇಳಿದ ಮೈಗೆ ಹಳೆಯ ಡೋಸ್ ಹೆಚ್ಚಾಗಬಹುದು. ಕೈನಡುಕ, ಎದೆಬಡಿತ, ನಿದ್ದೆಗೇಡು ಕಂಡರೆ ಅಷ್ಟು ಇಳಿಯುವವರೆಗೂ ಕಾಯಬೇಡಿ.