ಮಡಿಕೇರಿ ಮಳೆಯಲ್ಲಿ ಲೂಪ್ಸ್: ಝೀರೋ ಬಲ್ಬ್ ಮಾಡಿದ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಲೂಪ್ಸ್ (ಹಲ್ಲಿನ ವೈದ್ಯರು ಕಣ್ಣಿಗೆ ಹಾಕುವ ಭೂತಗನ್ನಡಿ ಜೋಡಿ) ಹಾಕಿಕೊಂಡು ಆರ್‌ಸಿಟಿ (ಹಲ್ಲಿನ ಬೇರುನಾಳದ ಚಿಕಿತ್ಸೆ) ಮಾಡಲಾಗದು, ಗಾಜು ಮಂಜಾಗುತ್ತದೆ, ವರ್ಷದೊಳಗೆ ಫಂಗಸ್ ಹಿಡಿಯುತ್ತದೆ ಎಂದವರು ಒಬ್ಬಿಬ್ಬರಲ್ಲ. ಮೂರು ಮಳೆಗಾಲ ಕಳೆಯಿತು. ಅದೇ ಜೋಡಿ ಇದೆ, ಗಾಜಿನೊಳಗೆ ಒಂದೆಳೆ ಫಂಗಸ್ ಇಲ್ಲ. ಹೇಗೆಂದು ಕೇಳುವವರು ಈಗ ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಳಾದದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ 3.5ಎಕ್ಸ್ (ಮೂರೂವರೆ ಪಟ್ಟು ದೊಡ್ಡದಾಗಿ ತೋರಿಸುವ) ಫ್ಲಿಪ್-ಅಪ್‌ಗೆ, ಅಂದರೆ ಮೇಲಕ್ಕೆ ಮಡಚುವ ಬಗೆಯದಕ್ಕೆ, ನಾಲ್ಕು ಸಾವಿರದ ಆಸುಪಾಸು. ವರ್ಕಿಂಗ್ ಡಿಸ್ಟನ್ಸ್ (ಕಣ್ಣಿನಿಂದ ಹಲ್ಲಿಗಿರುವ ದೂರ) 34 ಸೆಂ.ಮೀ. ಎಂದು ಬರೆದದ್ದನ್ನು ನೋಡಿಯೂ ನೋಡದಂತೆ ಕೊಂಡೆ. ಫೋಕಸ್ ಸಿಗಬೇಕಾದರೆ ರೋಗಿಯ ಬಾಯಿಯ ಮೇಲೆ ಬಾಗಲೇಬೇಕು. ಕುತ್ತಿಗೆ ನೋವು ಕಡಿಮೆಯಾಗಲಿ ಎಂದು ಕೊಂಡದ್ದು ನೋವನ್ನು ಇಮ್ಮಡಿ ಮಾಡಿತು. ಸ್ಟೂಲ್‌ನಲ್ಲಿ ನೆಟ್ಟಗೆ ಕೂತು, ಮೊಣಕೈ ಪಕ್ಕೆಗೆ ಒತ್ತಿ, ಚೇರ್ ಪೂರ್ತಿ ಮಲಗಿಸಿ, ಸಹಾಯಕಿಯ ಕೈಲಿ ದರ್ಜಿ ಟೇಪ್ ಕೊಟ್ಟು ಕಣ್ಣಿನಿಂದ ಮೇಲಿನ ಮೋಲಾರ್‌ (ದವಡೆ ಹಲ್ಲು) ವರೆಗೆ ಅಳೆಸಿ. ನನಗೆ 46 ಸೆಂ.ಮೀ. ಬಂತು. ಇದನ್ನು ಕೊಳ್ಳುವ ಮೊದಲೇ ಅಳೆಸಬೇಕಿತ್ತು.

ಎರಡನೆಯದು 2.5ಎಕ್ಸ್, ದೂರ ಸರಿ, ಸುಮಾರು ಹದಿನೆಂಟು ಸಾವಿರ. ಕ್ರೌನ್ ಮಾರ್ಜಿನ್‌ಗೆ (ಹಲ್ಲಿನ ಕ್ಯಾಪ್‌ನ ಅಂಚು), ಸ್ಕೇಲಿಂಗ್‌ಗೆ, ಕೇರೀಸ್ (ಹುಳುಕು) ತೆಗೆಯಲು ಇಂದಿಗೂ ಇದೇ. ಕೆನಾಲ್ (ಬೇರಿನೊಳಗಿನ ನಾಳ) ಹುಡುಕಲು ಸಾಲದು. ಈಗಿನದು 4ಎಕ್ಸ್ ಪ್ರಿಸ್ಮ್ ಇರುವ ಜೋಡಿ, ಹೆಡ್‌ಲೈಟ್ ಸೇರಿ ಎಪ್ಪತ್ತೈದು ಸಾವಿರ ದಾಟಿತು. ಇದಕ್ಕಿಂತ ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್‌ಗೆ ಲಕ್ಷಗಟ್ಟಲೆ ಬೇಕು, ಕೆಟ್ಟರೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಆಳು ಬರಬೇಕು. ಘಟ್ಟದ ರಸ್ತೆ ಜರಿದ ವಾರದಲ್ಲಿ ಯಾರು ಬರುತ್ತಾರೆ?

ಫ್ಲಿಪ್-ಅಪ್‌ನಲ್ಲಿ ಐಪಿಡಿ (ಎರಡು ಕಣ್ಣುಪಾಪೆಗಳ ನಡುವಿನ ದೂರ) ಕೂಡಿಸುವಾಗ ಅವಸರ ಬೇಡ. ಬಿಳಿ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ನಿಮ್ಮ ದೂರದಲ್ಲಿ ಹಿಡಿದು, ಎರಡು ಕಣ್ಣಿಗೆ ಕಾಣುವ ಎರಡು ವೃತ್ತಗಳೂ ಒಂದೇ ಆಗುವವರೆಗೆ ತಿರುಗಿಸಿ. ವೃತ್ತದ ಅಂಚು ಒಂದಿಷ್ಟು ಸರಿದಿದ್ದರೂ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ, ಬಹಳ ಮಂದಿ ಲೂಪ್ಸ್ ಬಿಡುವುದು ಇದೇ ಕಾರಣಕ್ಕೆ.

ಇನ್ನು ಮಂಜಿನ ವಿಷಯ. ಜುಲೈ ಬೆಳಿಗ್ಗೆ ಕ್ಲಿನಿಕ್ ಒಳಗೆ 18 ಡಿಗ್ರಿ, ತೇವಾಂಶ 90ರ ಮೇಲೆ. ಗಾಜು ತಣ್ಣಗೆ, ಮಾಸ್ಕಿನ ಮೇಲಂಚಿನಿಂದ ಬರುವ ಉಸಿರು ಬಿಸಿ. ಪಾತ್ರೆ ತೊಳೆಯುವ ಸೋಪಿನ ತೆಳು ಪದರ ಹಚ್ಚಿದೆ, ಅರ್ಧ ಗಂಟೆ ತಡೆಯಿತು, ಆಮೇಲೆ ಚಿತ್ರವೇ ಮಸುಕು. ಶೇವಿಂಗ್ ಫೋಮ್ ಅದಕ್ಕಿಂತ ವಾಸಿ, ಆದರೆ ಗಾಜಿನ ಕೋಟಿಂಗ್‌ಗೆ ದಿನವೂ ಉಜ್ಜುವುದು ಒಳ್ಳೆಯದಲ್ಲ. ಗಾಜು ಬೆಚ್ಚಗಿರಲಿ ಎಂದು ಆಟೋಕ್ಲೇವ್ (ಹಬೆಯಲ್ಲಿ ಉಪಕರಣ ಶುದ್ಧಿ ಮಾಡುವ ಯಂತ್ರ) ಪಕ್ಕದ ಕಪಾಟಿನಲ್ಲಿಟ್ಟದ್ದು ಶುದ್ಧ ದಡ್ಡತನ. ಹಬೆ ಬಿಟ್ಟಾಗೆಲ್ಲ ತೇವ ಒಳಗೆ ನುಗ್ಗಿ 2.5ರ ಒಂದು ಬ್ಯಾರೆಲ್ (ಗಾಜು ಕೂರಿಸಿದ ಕೊಳವೆ) ಒಳಗಿನಿಂದಲೇ ಮಂಜಾಯಿತು. ಹೊರಗಿನ ಮಂಜು ಒರೆಸಿದರೆ ಹೋಗುತ್ತದೆ, ಒಳಗಿನದಕ್ಕೆ ಬಿಚ್ಚಬೇಕು. ಬಿಚ್ಚಿ ಕೂಡಿಸಲು ಮೂರು ಸಾವಿರ ಹೋಯಿತು.

ಉತ್ತರ ಮನೆಯ ಬೀರುವಿನಲ್ಲೇ ಇತ್ತು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬಲ್ಬ್ ಉರಿಸಿಡುತ್ತೇವಲ್ಲ, ಅದೇ. ಮುಚ್ಚಳವಿರುವ ಮರದ ಪೆಟ್ಟಿಗೆ, ಒಂದೂವರೆ ಅಡಿ ಉದ್ದ, ಕೆಳಮೂಲೆಯಲ್ಲಿ ಹಳೇ ತಂತಿ ಬಗೆಯ ಝೀರೋ ಬಲ್ಬ್ (ಎಲ್‌ಇಡಿ ಬಲ್ಬ್‌ನಿಂದ ಸಾಕಷ್ಟು ಶಾಖ ಬರದು), ನಡುವೆ ತೂತಿನ ತಗಡು, ಮೇಲೆ ಲೂಪ್ಸ್. ಮುಚ್ಚಳದಲ್ಲಿ ಪೆನ್ಸಿಲ್ ಹೋಗುವಷ್ಟು ಎರಡು ತೂತು. ಒಳಗೆ ಮುನ್ನೂರು ರೂಪಾಯಿಯ ತೇವಮಾಪಕ. 18 ಡಿಗ್ರಿಯ ಒದ್ದೆ ಗಾಳಿ 30 ಡಿಗ್ರಿಗೆ ಕಾದರೆ ತೇವಾಂಶ ತಾನಾಗಿ 45ರ ಸುತ್ತ ಇಳಿಯುತ್ತದೆ. ಫಂಗಸ್‌ಗೂ ತಡೆ, ಬೆಳಿಗ್ಗೆ ತೆಗೆದಾಗ ಗಾಜೂ ಬೆಚ್ಚಗೆ. ಒಳಗಿನ ಬಿಸಿ 40 ಡಿಗ್ರಿ ದಾಟಲು ಬಿಡಬೇಡಿ, ಗಾಜು ಅಂಟಿಸಿದ ಗೋಂದು ಸಡಿಲವಾಗಬಹುದು. ಸಿಲಿಕಾ ಜೆಲ್ ಡಬ್ಬಿಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆ, ಕೆಲಸ ಮಾಡುತ್ತದೆ. ಆದರೆ ಆಗಸ್ಟ್‌ನಲ್ಲಿ ವಾರಕ್ಕೆರಡು ಸಲ ಹುರಿದು ಒಣಗಿಸಬೇಕು, ಒಂದು ಸಲ ಮರೆತರೆ ಮುಗಿಯಿತು.

ಬೆಚ್ಚಗಿನ ಗಾಜು ಮೊದಲ ಹತ್ತು ಹದಿನೈದು ನಿಮಿಷ ದಾಟಿಸುತ್ತದೆ, ಆಮೇಲೆ ಮುಖದ ಶಾಖವೇ ಕಾಯುತ್ತದೆ. ಮಾಸ್ಕಿನ ಮೇಲಂಚಿಗೆ ಮೈಕ್ರೋಪೋರ್ ಟೇಪ್ ಬೇಕೇ ಬೇಕು. ಅದನ್ನು ಮೂಗಿನ ಮೇಲೆ ಹೇಗೆ ಮಡಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್‌ಗೆ ಬಂದರೆ ತೋರಿಸುತ್ತೇನೆ.

ಬೆಳಕಿಲ್ಲದೆ 4ಎಕ್ಸ್ ದಂಡ. ದೊಡ್ಡದಾದಷ್ಟೂ ಚಿತ್ರ ಕತ್ತಲಾಗುತ್ತದೆ. ಹೆಡ್‌ಲೈಟ್ ಎರಡು ಬ್ಯಾರೆಲ್‌ಗಳ ನಡುವೆ, ಕಣ್ಣಿನ ದಾರಿಗೆ ಆದಷ್ಟು ಹತ್ತಿರ ಇರಲಿ, ಇಲ್ಲವಾದರೆ ಚೇಂಬರ್ (ಹಲ್ಲಿನ ಒಳಕೋಣೆ) ತಳದಲ್ಲಿ ನೆರಳು. ಕಂಪೋಸಿಟ್ (ಬೆಳಕಿಗೆ ಗಟ್ಟಿಯಾಗುವ, ಹಲ್ಲು ತುಂಬುವ ಪದಾರ್ಥ) ಹಾಕುವಾಗ ಹೆಡ್‌ಲೈಟ್‌ನ ಕಿತ್ತಳೆ ಫಿಲ್ಟರ್ ಇಳಿಸಲು ಮರೆತರೆ ಕಾರ್ವ್ ಮಾಡುವ (ಆಕಾರ ಕೆತ್ತುವ) ಮೊದಲೇ ಗಟ್ಟಿ. ಶೇಡ್ (ಹಲ್ಲಿನ ಬಣ್ಣ) ನೋಡುವುದು ಫಿಲ್ಟರ್ ಎತ್ತಿ, ಅದೂ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ) ಹಾಕುವ ಮೊದಲು. ಕರೆಂಟ್ ಹೋದರೂ ಬ್ಯಾಟರಿಯ ಹೆಡ್‌ಲೈಟ್‌ನಲ್ಲಿ ಫೈಲಿಂಗ್ (ಸೂಜಿಯಂಥ ಫೈಲ್‌ನಿಂದ ಕೆನಾಲ್ ಉಜ್ಜುವುದು) ಮುಗಿಸಬಹುದು, ಕಂಪ್ರೆಸರ್ ನಿಂತರೆ ಮಾತ್ರ ಏನೂ ಮಾಡಲಾಗದು. ಮೌತ್ ಮಿರರ್ ಫ್ರಂಟ್ ಸರ್ಫೇಸ್‌ನದೇ (ಗಾಜಿನ ಮುಂಭಾಗದಲ್ಲೇ ಪ್ರತಿಫಲಿಸುವುದು) ಬೇಕು. ಸಾದಾ ಕನ್ನಡಿಯಲ್ಲಿ ಕೆನಾಲ್ ಎರಡಾಗಿ ಕಾಣುತ್ತದೆ, ಇಲ್ಲದ ಕೆನಾಲ್ ಹುಡುಕುತ್ತಾ ಕೂರುತ್ತೀರಿ.

ಇಷ್ಟೆಲ್ಲ ಯಾಕೆಂದರೆ ಎಂಬಿ2ಗೆ, ಅಂದರೆ ಮೇಲಿನ ಮೋಲಾರ್‌ನ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅಡಗಿರುವ ಎರಡನೇ ಕೆನಾಲ್‌ಗೆ. ಎಲೆ ಅಡಿಕೆ ಜಗಿದು ಸವೆದ ಹಲ್ಲು ನಮ್ಮಲ್ಲಿ ಕಡಿಮೆಯೇ? ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಅರವತ್ತು ದಾಟಿದವರಲ್ಲಿ ಚೇಂಬರ್ ಕಲ್ಲಾಗಿರುತ್ತದೆ. ಅದೇ ಬೇರಿನ ಮೊದಲ ಕೆನಾಲ್ ಎಂಬಿ1ರಿಂದ ಪ್ಯಾಲಟಲ್ (ಅಂಗುಳ ಕಡೆಯ) ಕೆನಾಲ್ ಕಡೆಗೆ ಗೆರೆ ಎಳೆದಂತೆ ಊಹಿಸಿ, ಗೆರೆಗಿಂತ ತುಸು ಮೀಸಿಯಲ್‌ಗೆ (ಮುಂದಕ್ಕೆ), ಎಂಬಿ1ರಿಂದ ಒಂದೆರಡು ಮಿ.ಮೀ. ದೂರದಲ್ಲಿ ಹುಡುಕಿ. ಸಾಮಾನ್ಯವಾಗಿ ಡೆಂಟಿನ್ (ಹಲ್ಲಿನ ಒಳಪದರ) ಚಾಚು ಅದನ್ನು ಮುಚ್ಚಿರುತ್ತದೆ. ಅಲ್ಟ್ರಾಸಾನಿಕ್ ಟಿಪ್‌ನಿಂದ, ನೀರು ನಿಲ್ಲಿಸಿ, ಕಾಲು ಕಾಲು ಮಿ.ಮೀ. ಇಳಿದು ಪ್ರತಿ ಸಲ ಊದಿ ನೋಡಬೇಕು. ಶಾಖಕ್ಕಾಗಿ ನಡುನಡುವೆ ನೀರು ಬಿಡಿ. ನೆಲ ಬೂದು, ಗೋಡೆ ಬಿಳಿ, ಬೂದಿನಲ್ಲಿ ಒಂದು ಬಿಳಿ ಗೆರೆ ಕಂಡರೆ ಅದೇ ದಾರಿ. 17 ಪರ್ಸೆಂಟ್ ಇಡಿಟಿಎ (ಹಲ್ಲಿನ ಸುಣ್ಣದಂಶ ಕರಗಿಸುವ ದ್ರಾವಣ) ಒಂದು ನಿಮಿಷ ಇಟ್ಟು ತೊಳೆದು, ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ತುಂಬಿಸಿ ನೋಡಿ, ಗುಳ್ಳೆ ಒಂದೇ ಚುಕ್ಕೆಯಿಂದ ಏಳುತ್ತಿದ್ದರೆ 8ನೇ ನಂಬರ್ ಫೈಲ್ ತುದಿ ಬಗ್ಗಿಸಿ ಅಲ್ಲಿಗೆ ಹಾಕಿ. ಎರಡು ಮಿ.ಮೀ. ಇಳಿದರೂ ಏನೂ ಸಿಗದಿದ್ದರೆ ನಿಲ್ಲಿಸಿ ಎಕ್ಸ್‌ರೇ ತೆಗೆಯಿರಿ. ಮುಂದಿನದು ಫರ್ಕೇಶನ್ (ಬೇರುಗಳು ಕವಲೊಡೆಯುವ ಜಾಗ). ಬರಿಗಣ್ಣಲ್ಲಿ ಹತ್ತರಲ್ಲಿ ಎರಡೋ ಮೂರೋ ಸಿಗುತ್ತಿತ್ತು, ಈಗ ಆರೇಳು.

ಲೂಪ್ಸ್‌ನ ಕಣ್ಣುಗಾಜಿಗೆ ಮೊಬೈಲ್ ಒತ್ತಿ ಫೋಟೋ ತೆಗೆಯುವ ಪ್ರಯೋಗವೂ ನಡೆದಿದೆ. ಹತ್ತರಲ್ಲಿ ಒಂದು ಚಿತ್ರ ಚೆನ್ನಾಗಿ ಬರುತ್ತದೆ, ರೋಗಿಗೆ ಬಿರುಕು ತೋರಿಸಲು ಸಾಕು. ಎಂಬಿ2 ಹುಡುಕುವ ಹೆಚ್ಚಿನ ಇಪ್ಪತ್ತು ನಿಮಿಷಕ್ಕೆ ಬಿಲ್‌ನಲ್ಲಿ ಒಂದು ರೂಪಾಯಿ ಸೇರಿಸಿಲ್ಲ. ಆದರೆ ಮೇಲಿನ ಮೋಲಾರ್ ಮತ್ತೆ ನೋಯುತ್ತಿದೆ ಎಂದು ವಾಪಸ್ ಬಂದು ಪುಕ್ಕಟೆ ತೆರೆಯಬೇಕಾದದ್ದು ಕಳೆದ ವರ್ಷ ಒಂದೇ, ಅದೂ ಲೂಪ್ಸ್ ರಿಪೇರಿಗೆ ಹೋಗಿದ್ದ ವಾರದ್ದು.