ಮ್ಯಾಗ್ನೆಟ್ಟಿಗೆ ಅಂಟದ್ದೆಲ್ಲ ನನ್ನದು

'ಎಲ್ಲ ಫೋನ್‌ಪೇ ಆಗೋಯ್ತು, ಚಿಲ್ಲರೇಲಿ ಇನ್ನೇನು ಸಿಗುತ್ತೆ' ಅಂತ ನಕ್ಕವರು ನಾಣ್ಯ ಕೂಡಿಡೋ ನಮ್ಮ ಬಳಗದಲ್ಲೇ ಬೇಕಾದಷ್ಟು ಜನ ಇದ್ದಾರೆ. ಹೋದ ಎರಡು ವರ್ಷದಲ್ಲಿ ನನ್ನ ಆಲ್ಬಮ್ಮಿಗೆ ಸೇರಿದ ಸ್ಮರಣಾರ್ಥ ನಾಣ್ಯಗಳಲ್ಲಿ ಮುಕ್ಕಾಲು ಪಾಲು ಮುಖಬೆಲೆಗೇ ಬಂದವು. ನಾಣ್ಯದ ಡೀಲರ್ ಅಂಗಡಿ ಮೆಟ್ಟಿಲು ಹತ್ತಿದ್ದು ನಾಣ್ಯ ಹಾಕಿಡೋ ಹೋಲ್ಡರ್ ತರೋಕೆ ಮಾತ್ರ.

ಜೇಬಿನ ಚಿಲ್ಲರೆ ನಂಬಿ ಕೂತರೆ ಜನ್ಮ ಸಾಲದು, ಮೂಟೆ ಬೇಕು. ಮೂಟೆ ಇರೋದು ಕಿರಾಣಿ ಅಂಗಡಿಯಲ್ಲಿ. ಬಡಾವಣೆಯ ಗುಡಿಗಳ ಮಂಗಳಾರತಿ ತಟ್ಟೆಯ ಕಾಸು ವಾರಕ್ಕೊಮ್ಮೆ ಅಲ್ಲಿಗೇ ಬಂದು ಬೀಳುತ್ತೆ, ಗಿರಾಕಿಗಳು ಈಗ ಚಿಲ್ಲರೆ ವಾಪಸ್ ಕೇಳೋದೂ ಕಡಿಮೆ. ನೋಟು ಕೊಡ್ತೀನಿ ಅಂದಾಗ ಅಂಗಡಿಯವರು 'ಸಾರ್, ಪುಣ್ಯ ಕಟ್ಕೊಳ್ಳಿ, ಜಾಗ ಖಾಲಿ ಆಗ್ಲಿ' ಅಂದರು. ಮೊದಮೊದಲು ನೂರಕ್ಕೆ ಎರಡು ರೂಪಾಯಿ ಮೇಲೆ ಕೊಡ್ತಿದ್ದೆ, ಆಮೇಲೆ ಅದೂ ಬೇಕಾಗಲಿಲ್ಲ. ಯಾವ ದಿನ ಹೋಗಬೇಕು ಅನ್ನೋದನ್ನ ಮಾತ್ರ ಕೇಳಬೇಡಿ.

ಶುರು ಮಾಡಿದ್ದು ತಕ್ಕಡಿಯಿಂದ. ನಾನೂರು ರೂಪಾಯಿನ ಚಿಕ್ಕ ಡಿಜಿಟಲ್ ತಕ್ಕಡಿ. ನಾನು ಹುಡುಕೋ ಹಳೆಯ ತಾಮ್ರ-ನಿಕ್ಕಲ್ ಐದು ರೂಪಾಯಿ 9 ಗ್ರಾಂ. 2007ರ ಸ್ಟೀಲಿಂದೂ ಆಮೇಲೆ ಬಂದ ಹಳದೀದೂ 6 ಗ್ರಾಂ. ಅಂದರೆ ನೂರು ನಾಣ್ಯದ ಪ್ಯಾಕೆಟ್ 600 ಗ್ರಾಂ ತೂಗಬೇಕು. 630 ತೂಗಿದರೆ ಒಳಗೆ ಹತ್ತು ಹಳೆಯವು ಇವೆ ಅಂತ ಲೆಕ್ಕ, ಪ್ಯಾಕೆಟ್ ಬಿಚ್ಚೋದೇ ಬೇಡ! ಒಂದಷ್ಟು ತಿಂಗಳು ಇದು ಸೊಗಸಾಗಿ ನಡೀತು. 2019ರ ಸರಣಿಯ ದೊಡ್ಡ ಐದು ರೂಪಾಯಿ ಚಲಾವಣೆಗೆ ಬಂದು ತುಂಬಿಕೊಳ್ಳುತ್ತ ಹೋದ ಹಾಗೆ ಲೆಕ್ಕ ಕೆಟ್ಟಿತು. ಅದು ಮುಕ್ಕಾಲು ಗ್ರಾಂ ಹತ್ತಿರ ಜಾಸ್ತಿ. ಅಂಥವು ನಲವತ್ತು ಸೇರಿದರೆ ಮತ್ತೆ ಅದೇ 630. ಭಾರದ ಪ್ಯಾಕೆಟ್ ಅಂತ ಆಸೆಯಿಂದ ಬಿಚ್ಚಿದರೆ ಒಳಗೆಲ್ಲ ಹೊಸ ಹಳದಿ ಬಿಲ್ಲೆ.

ಆಗ ಕೆಟ್ಟ ಸ್ಪೀಕರೊಂದರ ಮ್ಯಾಗ್ನೆಟ್ ಕಿತ್ತೆ. ಒಂದು, ಎರಡರ ನಾಣ್ಯಗಳನ್ನ ಸ್ಟೀಲ್ ಪರಾತದಲ್ಲಲ್ಲ, ಪ್ಲಾಸ್ಟಿಕ್ ಟಬ್ಬಿನಲ್ಲಿ ತೆಳ್ಳಗೆ ಹರಡಿ ಮೇಲೆ ಆಡಿಸಿದರೆ 1992ರಿಂದೀಚಿನ ಸ್ಟೀಲ್ ಒಂದು ರೂಪಾಯಿಗಳು ಗೊಂಚಲು ಗೊಂಚಲಾಗಿ ಮೇಲೇಳುತ್ತವೆ, ಈಚಿನ ಎರಡು ರೂಪಾಯಿಗಳೂ ಅಷ್ಟೇ. ತಳದಲ್ಲಿ ಉಳಿಯೋದು ಅಂಟದ ತಾಮ್ರ-ನಿಕ್ಕಲ್ಲಿನವು, ಅಂದರೆ ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ, 1991ರವರೆಗಿನ ಒಂದು ರೂಪಾಯಿ. ಒಂದು ಸಾವಿರ ನಾಣ್ಯಕ್ಕೆ ಹತ್ತು ನಿಮಿಷ ಸಾಕು. ಹಾಗೆ ತಳದಲ್ಲಿ ಸಿಕ್ಕಿದ್ದರಲ್ಲಿ ನನಗೆ ಅಚ್ಚುಮೆಚ್ಚು 2003ರ ರೈಲ್ವೆ 150ನೇ ವರ್ಷದ್ದು. ಆನೆಮರಿ ಗಾರ್ಡ್ ವೇಷದಲ್ಲಿ ಕಂದೀಲು ಹಿಡಿದು ನಿಂತಿದೆ, ಕಂದೀಲಿನ ಗೆರೆ ಇನ್ನೂ ಸವೆದಿಲ್ಲ. 1985ರ ಇಸವಿಯ ಮೊದಲ ಅಂಕಿ ಕೆಳಗೆ 'ಎಚ್' ಗುರುತಿರೋ, ಬರ್ಮಿಂಗ್‌ಹ್ಯಾಮ್ ಟಂಕಸಾಲೆಯ ಒಂದು ರೂಪಾಯಿಯೂ ಅದೇ ಟಬ್ಬಿನಲ್ಲೇ ಬಂತು.

ಮ್ಯಾಗ್ನೆಟ್ಟಿಗೆ ಅಂಟಿದ್ದನ್ನ ಹಾಗೇ ಸುರಿಯಬೇಡಿ. ಸಂತ ಜ್ಞಾನೇಶ್ವರ, ಲೂಯಿ ಬ್ರೈಲ್ ಸ್ಮರಣಾರ್ಥ ನಾಣ್ಯಗಳೆಲ್ಲ ಸ್ಟೀಲಿನವು, ಅವನ್ನ ಕಣ್ಣೇ ಹುಡುಕಬೇಕು. ಅಚ್ಚು ತಿರುಗಿದ್ದು, ಅಂಚಿಗೆ ಸರಿದದ್ದು ನೋಡೋಕೂ ಇದೇ ಹೊತ್ತು. ನನ್ನ ಮಟ್ಟಿಗೆ ಸ್ಮರಣಾರ್ಥಕ್ಕಿಂತ ಹೀಗೆ ಅಚ್ಚು ತಪ್ಪಿದ ಎರರ್ ನಾಣ್ಯದಲ್ಲೇ ನಾಲ್ಕು ಕಾಸು. ಅದನ್ನ ಬೇಗ ಹಿಡಿಯೋಕೆ ಟ್ಯೂಬ್‌ಲೈಟ್ ಕೆಳಗೆ ನಾಣ್ಯ ಜೋಡಿಸೋ ನನ್ನದೇ ಒಂದು ಕ್ರಮ ಇದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಹುಣಸೆಹಣ್ಣಿನ ಪ್ರಯೋಗವೂ ಆಯ್ತು. ತೊಳೆದರೆ ಬೆಲೆ ಬಿತ್ತು ಅಂತ ಗೊತ್ತು, ಆದರೂ ಕೊಳ್ಳೋರಿಗೆ ಗೊತ್ತಾಗುತ್ತಾ ನೋಡೋಣ ಅಂತ ಕೆಲಸಕ್ಕೆ ಬಾರದ ಹಳದಿ ಐದು ರೂಪಾಯಿಗಳನ್ನ ರಾತ್ರಿಯಿಡೀ ನೆನೆಹಾಕಿದೆ. ಹಿತ್ತಾಳೆ ದೀಪದ ಹಾಗೆ ಹೊಳೆದವು. ಪರಿಚಯದ ಡೀಲರ್ ಮುಂದೆ ಇಟ್ಟರೆ, ಮುಟ್ಟದೇನೇ 'ಹುಣಸೆನಾ, ನಿಂಬೆನಾ?' ಅಂದ!

ದುಡ್ಡಿನ ವಿಷಯ. ಹತ್ತು ಸಾವಿರ ಯಾವಾಗಲೂ ಚಿಲ್ಲರೆಯಲ್ಲೇ ಸಿಕ್ಕಿಕೊಂಡಿರುತ್ತೆ. ನಿಜವಾದ ತಲೆನೋವು ಸೋಸಿದ್ದನ್ನ ವಾಪಸ್ ಸಾಗಿಸೋದು. ರಿಸರ್ವ್ ಬ್ಯಾಂಕ್ ಹೇಳಿದ ಹಾಗೆ ನೂರರ ಪ್ಯಾಕೆಟ್ ಕಟ್ಟಿಕೊಂಡು ಹೋದರೂ ಒಂದು ಬ್ಯಾಂಕಿನ ಕೌಂಟರಲ್ಲಿ 'ಎಣಿಸೋಕೆ ಸ್ಟಾಫ್ ಇಲ್ಲ, ಸೋಮವಾರ ಬನ್ನಿ' ಅಂದರು. ಸೋಮವಾರ ಹೋದರೆ ಮತ್ತೊಂದು ನೆಪ. ಕೊನೆಗೆ ಕೈಹಿಡಿದಿದ್ದು ಸಂತೆಯ ತರಕಾರಿಯವರು. ಬೆಳಿಗ್ಗೆ ಆರಕ್ಕೆ ಹೋದರೆ ಎರಡು, ಮೂರು ಸಾವಿರದ ಚಿಲ್ಲರೆ ಅಲ್ಲೇ ಕರಗುತ್ತೆ. ಮಿಕ್ಕ ಡುಪ್ಲಿಕೇಟ್‌ಗಳನ್ನ ಇಪ್ಪತ್ತು, ಮೂವತ್ತರಂತೆ ಮಾರಿದೆ, ಎರರ್ ಕೆಲವು ನಾಲ್ಕಂಕಿ ಮುಟ್ಟಿದವು. ಪೆಟ್ರೋಲು, ತಕ್ಕಡಿ, ಹೋಲ್ಡರ್ ಕಳೆದರೂ ಎಂಟೊಂಬತ್ತು ಸಾವಿರ ಕೈಯಲ್ಲಿ ಉಳಿದಿರಬೇಕು.

ಹತ್ತು ರೂಪಾಯಿ ನಾಣ್ಯ ಬೇಡ ಅನ್ನೋ ಅಂಗಡಿಯವರಿಗೆ ನಾನು ಋಣಿ. ಹದಿನಾಲ್ಕು ವಿನ್ಯಾಸವೂ ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಜನ ನಂಬಲ್ಲ, ಡಬ್ಬಿಗಟ್ಟಲೆ ನನಗೆ ದಾಟಿಸ್ತಾರೆ. ಹೋಮಿ ಭಾಭಾ, ಕಾಯರ್ ಬೋರ್ಡ್ (ತೆಂಗಿನ ನಾರು ಮಂಡಳಿ) ಸ್ಮರಣಾರ್ಥ ಎರಡೂ ಹಾಗೇ ಬಂದವು. ವೈಷ್ಣೋದೇವಿಯಂತೂ ಏಳೆಂಟು ಬಿದ್ದಿವೆ, ಅದಕ್ಕೆ ಲಕ್ಷ ಕೊಡ್ತೀವಿ ಅಂತ ಜಾಹೀರಾತು ಹಾಕೋರು ಬಂದು ಎಲ್ಲ ಒಯ್ಯಬಹುದು. ಮುಂಗಡ ಕಟ್ಟಿ ಅಂದರೆ ಮಾತ್ರ ಫೋನ್ ಇಡ್ತೀನಿ.

2006ರ ಬಸವಣ್ಣನ ಐದು ರೂಪಾಯಿ ನನ್ನ ಹತ್ತಿರ ಹೆಚ್ಚಿಗೆ ಐದಾರಿವೆ. 2005ರ ದಂಡಿಯಾತ್ರೆಯದ್ದು ಮಾತ್ರ ಇನ್ನೂ ಯಾವ ಮೂಟೆಯಲ್ಲೂ ಸಿಕ್ಕಿಲ್ಲ. ಇದ್ದವರು ಹೇಳಿ, ಒಂದಕ್ಕೆ ಎರಡು ಬಸವಣ್ಣ ಕೊಡ್ತೀನಿ. ತೊಳೆದದ್ದು ಬೇಡ.